ಜಡ್ಜರ ಕುರ್ಚಿಯ ಹಿಂದಿನ ಗೋಡೆ

ಗೋಡೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ ನಿಲ್ದಾಣವಾಗಲಿ, ಬ್ಯಾಂಕಾಗಲಿ, ಹಲ್ಲು ಕೀಳುವ ಡಾಕ್ಟರ ಕೋಣೆಯಾಗಲಿ, ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ಟಕ್‌ಟಕ್ ಎಂದು ತಟ್ಟಬೇಕು, ಕಿವಿಗೊಡಬೇಕು, ತಲೆದೂಗುವುದೋ ಮುಖ ಹುಳ್ಳಗೆ ಮಾಡಿಕೊಳ್ಳುವುದೋ ಆಗಬೇಕು; ಬಂದ ಕೆಲಸ ಏನಿದ್ದರೂ ಅಷ್ಟಾದ ಮೇಲೆ. ಮದುವೆಯ ಮಾತುಕತೆಗೆಂದು ಹೋದವನು ಹೆಣ್ಣಿನ ಅಪ್ಪನ ನಡುಮನೆಯ ಗೋಡೆ ತಟ್ಟಿ, "ಇದು ಪೊಳ್ಳು, ಎರಡು ವರ್ಷಕ್ಕೆ ಉದುರುತ್ತೆ" ಎಂದುಬಿಟ್ಟಿದ್ದ. ಆ ಮನುಷ್ಯ ಸಿಟ್ಟಾಗಲಿಲ್ಲ, "ಹಾಗಾದ್ರೆ ನೀನೇ ಮಾಡ್ಕೊಡಪ್ಪ" ಎಂದ. ಗಂಡ ಬರುವ ಮೊದಲು ಮನೆಗೆ ಗಾರೆಯವನು ಬಂದ ಎಂದು ಅವನ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಕೆಲಸದವರೆಲ್ಲ ಅವನನ್ನು ಕರೆಯುತ್ತಿದ್ದುದೇ ಟಕ್‌ಟಕ್ ಮೇಸ್ತ್ರಿ ಎಂದು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು.

ತಟ್ಟುವ ವಿದ್ಯೆ ಕಲಿಸಿದವನು ಅಣ್ಣ. ಗಾರೆ ಗೋಡೆಯನ್ನು ಚೆನ್ನಾಗಿ ಹಿಡಿದಿದ್ದರೆ ತಟ್ಟಿದಾಗ ಸದ್ದು ಗಟ್ಟಿಯಾಗಿ, ಚಿಕ್ಕದಾಗಿ ಬರುತ್ತದೆ. ಇಟ್ಟಿಗೆಗೆ ನೀರು ಸಾಲದೆ ಹೋದರೆ, ಗಾರೆ ಕಲಸಿ ಬಹಳ ಹೊತ್ತಾಗಿದ್ದರೆ, ಇಲ್ಲವೆ ಕೈಯ ಒತ್ತು ಸಾಲದಿದ್ದರೆ, ಒಳಗೆ ಗಾಳಿ ಉಳಿದು ಸದ್ದು ಡಬ್ ಎನ್ನುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪೊಳ್ಳು ಬಿಟ್ಟು ಹೋಗುವವನು ಮೇಸ್ತ್ರಿಯಲ್ಲ, ಬಳಿಯುವವನು ಎಂದು ಅಣ್ಣ ಹೇಳುತ್ತಿದ್ದ. ಅವನ ಬಾಯಲ್ಲಿ 'ಬಳಿಯುವವನು' ಎನ್ನುವುದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಅಪ್ಪ ಸತ್ತ ವರ್ಷ, ಹದಿನಾಲ್ಕರ ಹುಡುಗನಾಗಿದ್ದ ತಮ್ಮನ ಕೈಗೆ ಕರಣೆ ಕೊಟ್ಟು, ಗೋಡೆಗೆ ಕಟ್ಟಿದ ಬಿದಿರಿನ ಸಾರುವೆ ಹತ್ತಿಸಿದವನು ಅವನು. ಅಂದಿನಿಂದ ಮೂವತ್ತನಾಲ್ಕು ವರ್ಷ ಇಬ್ಬರೂ ಒಂದೇ ಗೋಡೆಯ ಎರಡು ತುದಿಯಿಂದ ಶುರುಮಾಡಿ ನಡುವೆ ಸೇರುತ್ತಿದ್ದರು. ಸೇರಿದ ಜಾಗ ಇಲ್ಲೇ ಎಂದು ಬೆರಳಿಟ್ಟು ತೋರಿಸಿದವರು ಯಾರೂ ಇಲ್ಲ.

ಅತ್ತಿಗೆ ಸಿಕ್ಕಿದ್ದೂ ಗಾರೆಯ ನಡುವೆಯೇ. ಆಕೆ ಬಾಂಡ್ಲಿ ಹೊರುತ್ತಿದ್ದವಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಕಲಸಿದ ಗಾರೆ ತುಂಬಿದ ಕಬ್ಬಿಣದ ಬಾಂಡ್ಲಿ, ಆ ಭಾರದಲ್ಲಿ ಮೂರು ಮಹಡಿ ಏಣಿ ಹತ್ತುವವಳು. ಅಣ್ಣ ಮದುವೆಯಾದ ಮೇಲೂ ಹತ್ತು ವರ್ಷ ಹೊತ್ತಳು. ಒಂದು ದಿನ ಏಣಿಯ ಮೇಲೆ ಬಲಮಂಡಿ ತಿರುಚಿಕೊಂಡಿತು. ಅದೇ ವರ್ಷ ಅಣ್ಣತಮ್ಮಂದಿರು ಕೂಲಿ ಬಿಟ್ಟು ತಾವೇ ಕೆಲಸ ಹಿಡಿಯುವವರಾದರು. ಅಣ್ಣ ಅವಳ ಕೈಯಿಂದ ಬಾಂಡ್ಲಿ ಇಸಿದುಕೊಂಡು, "ಇನ್ನು ನೀನು ಇದನ್ನ ಹೊರೋದು ಬೇಡ. ನನ್ನ ಉಸಿರಿರೋ ತನಕ" ಎಂದ. ಅವಳಿಗೆ ಒಂದು ಅಂಗಡಿ ಹಾಕಿಕೊಡಬೇಕು, ಸೂಜಿ ದಾರ ಗುಂಡಿಗಳ ಪುಟ್ಟ ಅಂಗಡಿ, ಕುರ್ಚಿ ಮೇಲೆ ಕೂತು ಮಾರುವಂಥದ್ದು ಎಂಬುದು ಅವನ ಆಸೆ. ಅದಕ್ಕಾಗಿ ಕೂಡಿಡುತ್ತಲೂ ಬಂದ. ಬಾಂಡ್ಲಿ ಹಿತ್ತಲ ನಲ್ಲಿಯ ಕೆಳಗೆ ಕುಳಿತು ತೊಟ್ಟಿಕ್ಕುವ ನೀರು ಹಿಡಿಯತೊಡಗಿತು.

ಹೀಗಿರುವಾಗ ಹೊಸ ಕೋರ್ಟು ಕಟ್ಟಡದ ಒಳಗೋಡೆಗಳ ಕೆಲಸ ಬಂತು. ಕಟ್ಟಡ ಸರ್ಕಾರದ್ದು, ಕಟ್ಟುವ ಗುತ್ತಿಗೆ ಒಬ್ಬ ದೊಡ್ಡ ಕಂಟ್ರಾಕ್ಟರನದ್ದು. ಅವನ ಕೈಕೆಳಗೆ ಬಾಗಿಲಿನವರು, ವೈರಿನವರು, ನಲ್ಲಿಯವರು, ಕೊನೆಗೆ ಗಾರೆಗೆ ಇವರು: ಅಣ್ಣತಮ್ಮಂದಿರು ಮತ್ತು ಎಂಟು ಆಳು. ಅಣ್ಣನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. "ಸರ್ಕಾರದ ಕೆಲಸ ಕಣೋ. ಇವತ್ತಲ್ಲ ನಾಳೆ ಕೊಟ್ಟೇ ಕೊಡ್ತಾರೆ. ಸರ್ಕಾರ ಎಲ್ಲಾದ್ರೂ ಓಡಿ ಹೋಗುತ್ತಾ?"

ಸರ್ಕಾರ ಓಡಿ ಹೋಗಲಿಲ್ಲ ನಿಜ. ತಿಂಗಳು ತಿಂಗಳೂ ಕಂಟ್ರಾಕ್ಟರನಿಗೆ ಬಿಲ್ಲು ಪಾಸು ಮಾಡಿತು. ಆ ಮಹಾಶಯ ಮಾತ್ರ ಮೂರನೆಯ ತಿಂಗಳಿಂದ ಇವರ ಮೂಗಿಗೆ ತುಪ್ಪ ಸವರತೊಡಗಿದ. ಮುಂದಿನ ವಾರ, ಇನ್ನೊಂದು ಬಿಲ್ಲು ಬರಲಿ, ಸಾಹೇಬರು ಊರಲ್ಲಿಲ್ಲ. ಅಷ್ಟು ಹೊತ್ತಿಗೆ ಅರ್ಧ ಗೋಡೆಗಳು ಆಗಿದ್ದವು. ಅರ್ಧಕ್ಕೆ ಬಿಟ್ಟು ಎದ್ದುಬರುವುದು ಅಣ್ಣನ ಜಾಯಮಾನವಲ್ಲ. ಆಳುಗಳಿಗೆ ಅಷ್ಟೋ ಇಷ್ಟೋ ಕೊಡುತ್ತ ಬರಬೇಕಲ್ಲ, ಅತ್ತಿಗೆಯ ಅಂಗಡಿಗೆಂದು ಇಟ್ಟಿದ್ದನ್ನು ತೆಗೆದ. ಮೊದಲು ಸ್ವಲ್ಪ, ಆಮೇಲೆ ಇನ್ನು ಸ್ವಲ್ಪ, ಆಮೇಲೆ ತಳ. ತಮ್ಮ ಬೇಡವೆಂದರೆ, "ಎಲ್ಲಾ ಒಟ್ಟಿಗೆ ಬರುತ್ತೆ ಬಿಡೋ, ಅಂಗಡಿಗೆ ಗಾಜಿನ ಬಾಗಿಲೇ ಇಡೋಣ" ಎಂದು ನಗುತ್ತಿದ್ದ. ನಗುವಾಗ ಕೆಮ್ಮು ಬರುತ್ತಿತ್ತು. ನಲವತ್ತು ವರ್ಷ ಸಿಮೆಂಟಿನ ಧೂಳು ಕುಡಿದ ಎದೆ ಅದು.

ಕೊನೆಗೆ ಉಳಿದದ್ದು ದೊಡ್ಡ ಹಾಲಿನಲ್ಲಿ ಜಡ್ಜರ ಕುರ್ಚಿಯ ಹಿಂದಿನ ಗೋಡೆ. ಅದನ್ನು ತಾನೊಬ್ಬನೇ ಮಾಡುತ್ತೇನೆಂದು ಅಣ್ಣ ಹಟ ಹಿಡಿದ. ಬಂದವರೆಲ್ಲ ಎದುರಿಗೆ ಕೂತು ನೋಡುವ ಗೋಡೆ, ನ್ಯಾಯ ಹೇಳುವವರ ಬೆನ್ನಿಗಿರುವ ಗೋಡೆ ಎಂದು ಅವನ ಲೆಕ್ಕ. ತಮ್ಮ ಕೆಳಗೆ ನಿಂತು ಗಾರೆ ಎತ್ತಿಕೊಟ್ಟ. ಅಣ್ಣನ ಬಲಗೈ ನಡುಗುತ್ತಿದ್ದುದನ್ನೂ ಮಟ್ಟಗೋಲು ಎಳೆಯುವಾಗ ಎರಡೆರಡು ಸಲ ಉಸಿರಿಗೆ ನಿಲ್ಲುತ್ತಿದ್ದುದನ್ನೂ ನೋಡಿದ. ನೋಡಿಯೂ ಬಾಯಿ ಬಿಡಲಿಲ್ಲ. ಗುರುವಿಗೆ ಕೈ ಸೋತಿದೆ ಎಂದು ಹೇಳುವುದು ಹೇಗೆ? ಸಂಜೆಗೆ ಗೋಡೆ ಕನ್ನಡಿಯಾಯಿತು. ಇಂಜಿನಿಯರು ಅಳತೆ ಪುಸ್ತಕ ತಂದಾಗ 'ಕೆಲಸ ಪೂರ್ಣ' ಎಂಬುದರ ಕೆಳಗೆ ಅಣ್ಣ ಸೊಟ್ಟಪಟ್ಟ ಅಕ್ಷರದಲ್ಲಿ ರುಜು ಹಾಕಿದ. ಹತ್ತೂ ಜನ ಕರಣೆ ತೊಳೆದುಕೊಂಡು ಹೊರಟರು. ಮಾರನೆಯ ದಿನದಿಂದ ಅಣ್ಣ ಹಾಸಿಗೆ ಹಿಡಿದ.

ಗಾರೆ ಆರಿ ಒಂದು ತಿಂಗಳಾಗದೆ ಅದರ ನಿಜವಾದ ಸದ್ದು ಹೊರಡುವುದಿಲ್ಲ. ಆದ್ದರಿಂದ ಎಲ್ಲೇ ಕೆಲಸ ಮಾಡಿರಲಿ, ತಿಂಗಳು ಕಳೆದ ಮೇಲೆ ಒಮ್ಮೆ ಹೋಗಿ ಎಲ್ಲ ಗೋಡೆಗಳನ್ನೂ ತಟ್ಟಿ ಬರುವುದು ಈ ಅಣ್ಣತಮ್ಮಂದಿರ ಪದ್ಧತಿ. ಯಾರೂ ಕರೆಯುತ್ತಿರಲಿಲ್ಲ, ಯಾರೂ ಅದಕ್ಕೆ ಕಾಸು ಕೊಡುತ್ತಿರಲಿಲ್ಲ. ಈ ಸಲ ತಮ್ಮನೊಬ್ಬನೇ ಹೋದ. ಕೋಣೆಯಿಂದ ಕೋಣೆಗೆ ತಟ್ಟುತ್ತಾ ಬಂದ, ಎಲ್ಲ ಗಟ್ಟಿ. ಜಡ್ಜರ ಕುರ್ಚಿಯ ಹಿಂದೆ ಬಂದು ತಟ್ಟಿದ. ಡಬ್ ಎಂದಿತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಇನ್ನೊಂದು ಕಡೆ ತಟ್ಟಿದ, ಅಲ್ಲೂ ಡಬ್. ಒಂದು ಬಾಗಿಲಿನಷ್ಟು ಅಗಲ ಎತ್ತರ ಪೂರ್ತಿ ಪೊಳ್ಳು. ಮೂವತ್ತನಾಲ್ಕು ವರ್ಷದಲ್ಲಿ ಅಣ್ಣನ ಗೋಡೆಯಿಂದ ಆ ಸದ್ದು ಕೇಳಿದ್ದು ಅದೇ ಮೊದಲು. ಹಾಲಿನಲ್ಲಿ ಯಾರೂ ಇರಲಿಲ್ಲ, ಆದರೂ ಅವನು ಹಿಂತಿರುಗಿ ನೋಡಿದ. ಆಮೇಲೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತ.

ಮರುದಿನ ಭಾನುವಾರ. ಒಂದು ಚೀಲ ಸಿಮೆಂಟು, ಎರಡು ಚೀಲ ಮರಳು ಸೈಕಲ್ಲಿನ ಮೇಲೆ ಹೇರಿಕೊಂಡು ತಳ್ಳುತ್ತಾ ಬಂದ. ಗೇಟಿನಲ್ಲಿ ಮುದುಕ ವಾಚ್‌ಮನ್ ಒಬ್ಬನೇ ಇದ್ದ. ನಿಯಮದಂತೆ ತನ್ನ ಪುಸ್ತಕದಲ್ಲಿ ಬರೆದುಕೊಂಡ: ಗಾರೆ ಮೇಸ್ತ್ರಿ, ಒಳಗೆ ಏಳು ಗಂಟೆ. ಸಂಜೆ ಬರೆದ: ಹೊರಗೆ ಐದು ಗಂಟೆ. ನಡುವಿನ ಹತ್ತು ಗಂಟೆಯಲ್ಲಿ ಮೇಸ್ತ್ರಿ ಪೊಳ್ಳು ಗಾರೆಯನ್ನು ಚೂರುಚೂರಾಗಿ ಬಿಡಿಸಿ, ಇಟ್ಟಿಗೆಗೆ ಹೊಟ್ಟೆ ತುಂಬ ನೀರು ಕುಡಿಸಿ, ಹೊಸದಾಗಿ ಹೊಡೆದ. ಹಳೆಯದಕ್ಕೂ ಹೊಸದಕ್ಕೂ ಬಣ್ಣ ಕೂಡಬೇಕು, ಮೈ ಕೂಡಬೇಕು. ತೋಳಿನಿಂದ ಒರೆಸಿದ, ಬೆರಳ ತುದಿಯಿಂದ ನೀವಿದ. ಒಡೆದ ಗಾರೆಯನ್ನು ಚೀಲಕ್ಕೆ ತುಂಬಿ ದೂರದ ತಿಪ್ಪೆಗೆ ಚೆಲ್ಲಿದ. ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸವನ್ನು ಅವನು ಮಾಡಿರಲಿಲ್ಲ. ಒಂದು ಗೆರೆ ಉಳಿಸಲಿಲ್ಲ. ಒಂದೇ ಒಂದು ಗೆರೆ ಉಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈ ಕಥೆ ಹೇಳುವವರಿಗೆ ಅನ್ನಿಸುತ್ತದೆ. ಆದರೆ ಗೆರೆ ಉಳಿಸುವ ಜಾತಿಯ ಮೇಸ್ತ್ರಿಯಾಗಿದ್ದರೆ ಅವನು ಆ ಭಾನುವಾರ ಅಲ್ಲಿಗೆ ಬರುತ್ತಲೇ ಇರಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಅಣ್ಣನ ಹಾಸಿಗೆಯ ಬಳಿ ಹೋದ. ಅಣ್ಣ ಕೇಳಿದ, "ತಟ್ಟಿ ಬಂದ್ಯಾ?"

"ಬಂದೆ."

"ನನ್ನ ಗೋಡೆ?"

"ಕಲ್ಲು ಅಣ್ಣ. ಕಲ್ಲು ಬಂಡೆ."

ಅಣ್ಣ ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ಅವನ ಕೈಯ ಕಡೆ ನೋಡಿದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಸಿಮೆಂಟು ಉಳಿಯುತ್ತದೆ. "ಸರಿ, ಊಟ ಮಾಡ್ಹೋಗು" ಎಂದು ಗೋಡೆಯ ಕಡೆ ಹೊರಳಿಕೊಂಡ.

ಅದಾಗಿ ಕೆಲವೇ ದಿನಕ್ಕೆ ಕಂಟ್ರಾಕ್ಟರ್ ದಿವಾಳಿ ಎದ್ದ. ಆಫೀಸಿಗೆ ಬೀಗ, ಫೋನು ಬಂದ್, ಬಾಗಿಲಿಗೆ ಒಂದು ಚೀಟಿ. ಸುದ್ದಿ ಕೇಳಿದ ಮೇಲೆ ಅಣ್ಣನ ಎದೆಯೊಳಗಿನ ಶಿಳ್ಳೆ ದಿನದಿನಕ್ಕೂ ಜೋರಾಯಿತು. ಕೊನೆಯ ದಿನ ತಮ್ಮನ ಮಣಿಕಟ್ಟು ಹಿಡಿದು, "ಅವಳ ಕೈಗೆ ಮತ್ತೆ ಬಾಂಡ್ಲಿ ಕೊಡಬೇಡ ಕಣೋ" ಎಂದ. ತಮ್ಮ ಆಯಿತೆಂದ. ಬೇರೆ ಯಾವ ಮಾತಿಗೂ ಅವನು ಜೀವನದಲ್ಲಿ ಅಷ್ಟು ಬೇಗ ಆಯಿತು ಎಂದವನಲ್ಲ.

ಮಣ್ಣು ಮಾಡಿ ಬಂದು ಎರಡು ವಾರವಾದ ಮೇಲೆ ವೈರಿನವನು ಬಂದು ಒಬ್ಬ ವಕೀಲಮ್ಮನ ವಿಳಾಸ ಕೊಟ್ಟ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆ, ಸೂರಿನವರೆಗೆ ಕಡತ, ಒಂದೇ ಕುರ್ಚಿ. ವಕೀಲಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮೇಜಿಗೆ ಒರಗಿ ನಿಂತೇ ಮಾತಾಡಿದರು. ಅವನು ಅಭ್ಯಾಸದಂತೆ ಪಕ್ಕದ ಗೋಡೆ ತಟ್ಟಿದ.

"ಹೇಗಿದೆ?" ಎಂದರು ವಕೀಲಮ್ಮ.

"ಬಳಿದಿದಾರೆ" ಎಂದ. ಅವರಿಗೆ ನಗು ಬಂತು.

ಆಮೇಲೆ ಬಿಡಿಸಿ ಹೇಳಿದರು. "ನೋಡಿ ಮೇಸ್ತ್ರೀ, ಖಾಸಗಿ ಮನೆ ಆಗಿದ್ರೆ ದುಡ್ಡು ಕೊಡೋ ತನಕ ಮನೆ ಮಾರಬೇಡ ಅಂತ ತಡೆ ತರಬಹುದಿತ್ತು. ಸರ್ಕಾರಿ ಕಟ್ಟಡದ ಮೇಲೆ ಹಾಗೆ ಕೈ ಹಾಕೋಕಾಗಲ್ಲ. ಕೋರ್ಟಿಗೇ ಬೀಗ ಹಾಕ್ತೀನಿ ಅಂದ್ರೆ ಆಗುತ್ತಾ? ಅದಕ್ಕೇ ಕಾನೂನು ಇನ್ನೊಂದು ದಾರಿ ಮಾಡಿದೆ. ಸರ್ಕಾರದ ಕೆಲಸ ಹಿಡಿಯೋ ದೊಡ್ಡ ಕಂಟ್ರಾಕ್ಟರ್ ಮೊದಲೇ ಒಂದು ಜಾಮೀನು ಕಂಪನಿ ಹತ್ರ ಬಾಂಡು ಬರೆಸಿ ಇಟ್ಟಿರಬೇಕು. ಅವನು ಕೈ ಎತ್ತಿದ್ರೆ, ಅವನ ಕೆಳಗೆ ದುಡಿದೋರಿಗೆ ಆ ಕಂಪನಿ ಕೊಡಬೇಕು. ನಿಮ್ಮಂಥೋರಿಗೋಸ್ಕರವೇ ಮಾಡಿರೋ ಬಾಂಡು ಅದು."

ಮೇಸ್ತ್ರಿ ಬಾಯಿ ತೆರೆದು ಕೂತ. ತಾನೂ ಅಣ್ಣನೂ ಸಾರುವೆಯ ಮೇಲೆ ಒದ್ದಾಡುತ್ತಿದ್ದಾಗ, ಯಾರೋ ಎಂದೋ ತಮ್ಮಂಥವರ ಬಗ್ಗೆ ಯೋಚನೆ ಮಾಡಿ ಕಾಗದದಲ್ಲಿ ಬರೆದಿಟ್ಟಿದ್ದರು. ಅಣ್ಣನಿಗೆ ಇದು ಗೊತ್ತಾಗದೆ ಹೋಯಿತಲ್ಲ ಎಂದು ಅವನ ಕಣ್ಣು ತುಂಬಿತು.

"ಆದರೆ ಒಂದು ಷರತ್ತಿದೆ" ಎಂದರು ವಕೀಲಮ್ಮ. "ನೀವು ಕಟ್ಟಡದಲ್ಲಿ ಕೊನೇ ಸಲ ಕೆಲಸ ಮಾಡಿದ ದಿನದಿಂದ ತೊಂಬತ್ತು ದಿನದೊಳಗೆ ಕಂಪನಿಗೆ ನೋಟೀಸು ಕೊಡಬೇಕು. ಎಷ್ಟು ದಿನ ಆಯ್ತು?"

ಕೆಲಸ ಬಿಟ್ಟು ನೂರ ನಾಲ್ಕು ದಿನವಾಗಿತ್ತು.

ನೋಟೀಸು ಅಂದೇ ಹೋಯಿತು. ಕಾಲ ಮೀರಿದೆ ಎಂದು ಕಂಪನಿಯಿಂದ ಉತ್ತರವೂ ಬಂತು. ವಕೀಲಮ್ಮ ಸುಮ್ಮನೆ ಕೂರುವವರಲ್ಲ. ಕಟ್ಟಡದ ಕಾಗದವನ್ನೆಲ್ಲ ಜಾಲಾಡಿದರು. ಒಂದು ದಿನ ಕರೆಸಿ, "ಏನ್ರೀ ಇದು?" ಎಂದು ವಾಚ್‌ಮನ್‌ನ ಪುಸ್ತಕದ ಹಾಳೆ ಮುಂದಿಟ್ಟರು. "ಕೆಲಸ ಬಿಟ್ಟ ಮೂವತ್ತೊಂದನೇ ದಿನ ಒಳಗೆ ಹೋಗಿ ಹತ್ತು ಗಂಟೆ ಇದ್ದೀರಿ. ಅವತ್ತು ಕೆಲಸ ಮಾಡಿದ್ರಾ?"

ಅವನು ನೆಲ ನೋಡಿದ. ಕೊನೆಗೆ, "ಒಂದು ಕಡೆ ಪೊಳ್ಳಿತ್ತು. ಒಡೆದು ಮಾಡಿದೆ" ಎಂದ.

ವಕೀಲಮ್ಮ ಮೇಜು ಗುದ್ದಿದರು. "ಇಷ್ಟು ದಿನ ಹೇಳೋಕೇನಾಗಿತ್ರೀ? ಕಟ್ಟಡ ಒಪ್ಪಿಸೋಕೆ ಮುಂಚೆ ಕೆಟ್ಟಿದ್ದನ್ನ ಒಡೆದು ಸರಿ ಮಾಡಿದ್ರೆ ಅದೂ ಗುತ್ತಿಗೆ ಕೆಲಸವೇ. ಆ ದಿನದಿಂದ ಎಣಿಸಿದ್ರೆ ನಮ್ಮ ನೋಟೀಸು ಎಪ್ಪತ್ತಮೂರನೇ ದಿನ. ಗೆದ್ದ ಹಾಗೇ! ಬಂದು ಸುಮ್ನೆ ನೋಡ್ಕೊಂಡು ಹೋದೆ ಅಂದ್ರೆ ಮಾತ್ರ ಅದು ಕೆಲಸ ಅಲ್ಲ. ಗೋಡೇಲಿ ಗುರುತು ಏನಾದ್ರೂ ಇದೆಯಾ?"

"ಇಲ್ಲ. ಗುರುತು ಬಿಡಲಿಲ್ಲ."

"ಹಾಗಾದ್ರೆ ನಿಮ್ಮ ಮಾತೇ ಸಾಕ್ಷಿ. ಆ ಮುದುಕ ವಾಚ್‌ಮನ್‌ಗೂ ಪುಸ್ತಕದಲ್ಲಿ ಬರೆದದ್ದು ಬಿಟ್ರೆ ಏನೂ ನೆನಪಿಲ್ವಂತೆ. ನನಗೆ ಹೇಳಿದ್ದನ್ನೇ ಅಲ್ಲೂ ಹೇಳಿ."

"ಯಾರು ಮಾಡಿದ ಗೋಡೆ ಅಂತ ಕೇಳ್ತಾರಾ?"

"ಕೇಳಿದ್ರೆ ಹೇಳಿ. ಅದರಲ್ಲೇನಿದೆ?"

ಅದರಲ್ಲೇನಿದೆ ಎಂದು ಅವನು ಆ ಒಳ್ಳೆಯ ಹೆಂಗಸಿಗೆ ಹೇಗೆ ತಿಳಿಸಬೇಕು? ಆದರೂ ಮನಸ್ಸು ಗಟ್ಟಿ ಮಾಡಿಕೊಂಡ. ಆಳುಗಳ ಕೂಲಿ ಬರುತ್ತದೆ, ಅತ್ತಿಗೆಯ ಅಂಗಡಿ ಆಗುತ್ತದೆ, ಒಂದು ಮಾತು ಹೇಳಿ ಮುಗಿಸಿದರಾಯಿತು. ಮನೆಯಲ್ಲಿ, "ನೀವು ಬರೋದು ಬೇಡ ಅತ್ತಿಗೆ, ಇಡೀ ದಿನ ಬೆಂಚಿನ ಮೇಲೆ ಕೂರಬೇಕು, ಮಂಡಿ ನೋವು" ಎಂದ. ಆಳುಗಳಿಗೂ ಬರಬೇಡಿ ಎಂದ.

ವಿಚಾರಣೆ ನಡೆದದ್ದು ಅದೇ ಕಟ್ಟಡದಲ್ಲಿ, ಅದೇ ದೊಡ್ಡ ಹಾಲಿನಲ್ಲಿ. ಹೊಸ ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಗೆ ತಿಳಿ ಬಣ್ಣ ಹೊಡೆದಿದ್ದರು, ಅದರ ಮುಂದೆ ಎತ್ತರದ ಕುರ್ಚಿಯಲ್ಲಿ ಕನ್ನಡಕದ ಜಡ್ಜರು. ಕಟಕಟೆಯಲ್ಲಿ ನಿಂತು ಮೇಸ್ತ್ರಿ ಹಾಲಿನ ಕಡೆ ನೋಡಿದರೆ, ಮೂರನೆಯ ಸಾಲಿನಲ್ಲಿ ಅತ್ತಿಗೆ. ಅವಳ ಹಿಂದೆ ಎಂಟೂ ಆಳುಗಳು, ಸ್ನಾನ ಮಾಡಿ, ತಲೆ ಬಾಚಿಕೊಂಡು, ಶಾಲೆ ಮಕ್ಕಳ ಹಾಗೆ ಕೈಕಟ್ಟಿ ಕೂತಿದ್ದರು. ಅಣ್ಣನ ಕೈಯಲ್ಲಿ ಬೈಸಿಕೊಂಡು ಕೆಲಸ ಕಲಿತವರು. ಅಣ್ಣನಿಂದ 'ಬಳಿಯುವವನೇ' ಎನ್ನಿಸಿಕೊಂಡು ಅತ್ತವರೂ ಅವರಲ್ಲಿದ್ದರು.

ಜಾಮೀನು ಕಂಪನಿಯ ವಕೀಲ ಚಿಕ್ಕ ವಯಸ್ಸಿನವನು, ಸಿಟ್ಟಿನವನೂ ಅಲ್ಲ, ನಯವಾಗಿಯೇ ಕೇಳಿದ. "ಆ ದಿನ ನೀವಿದ್ದದ್ದು ಯಾವ ಕೋಣೇಲಿ?"

"ಇದರಲ್ಲೇ."

"ಯಾವ ಗೋಡೆ ಹತ್ರ?"

ಮೇಸ್ತ್ರಿ ಬೆರಳು ತೋರಿಸಿದ. ಹಾಲಿನಲ್ಲಿದ್ದವರೆಲ್ಲ ನೋಡಿದರು. ಜಡ್ಜರೂ ಕುರ್ಚಿಯಲ್ಲೇ ಹೊರಳಿ ತಮ್ಮ ಬೆನ್ನ ಹಿಂದೆ ನೋಡಿಕೊಂಡರು. ನೋಡಲು ಏನಿತ್ತು? ಕನ್ನಡಿಯಂಥ ಗೋಡೆ.

"ಈ ಗೋಡೆ ಮಾಡಿದ್ದು ಯಾರು?"

"ನಮ್ಮಣ್ಣ."

"ಅಳತೆ ಪುಸ್ತಕದಲ್ಲಿ 'ಕೆಲಸ ಪೂರ್ಣ' ಅಂತ ರುಜು ಹಾಕಿದ್ದೂ ಅವರೇ. ಅವರು ಸುಳ್ಳಿಗೆ ರುಜು ಹಾಕಿದ್ರಾ?"

"ಇಲ್ಲ. ನಮ್ಮಣ್ಣ ಅಂಥೋನಲ್ಲ."

"ಹಾಗಾದ್ರೆ ಅವರು ಮಾಡಿದ ಕೆಲಸವೇ ಕೆಟ್ಟಿತ್ತು ಅನ್ನಿ. ಬಾಗಿಲಿನಷ್ಟು ಗಾರೆ ಒಡೆದು ತೆಗೀಬೇಕಾದಷ್ಟು ಕೆಟ್ಟಿತ್ತು. ಅಲ್ವಾ?"

ಒಂದು ಹೌದು ಸಾಕಿತ್ತು. ವಕೀಲಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ಮೇಸ್ತ್ರಿ ಮೂರನೆಯ ಸಾಲಿನ ಕಡೆ ನೋಡಿದ. ಅತ್ತಿಗೆ ಅವನನ್ನೇ ದಿಟ್ಟಿಸುತ್ತಿದ್ದಳು, ಮೆಲ್ಲಗೆ ತಲೆ ಆಡಿಸಿದಳು. ನನ್ನ ಗಂಡನ ಮಾನ ನಿನ್ನ ಕೈಯಲ್ಲಿದೆ ಎನ್ನುತ್ತಿದ್ದಾಳೆ ಎಂದೇ ಅವನಿಗೆ ತೋರಿತು. ಬರೆದುಕೊಳ್ಳುವವನು ಕೆಳಗೆ ಕೂತಿದ್ದಾನೆ, ಬರೆದ ಮೇಲೆ ಅದು ಕೋರ್ಟಿನ ಕಾಗದ. ದೊಡ್ಡ ಮೇಸ್ತ್ರಿಯ ಕೊನೆಯ ಗೋಡೆ ಪೊಳ್ಳು ಎಂದು ಈ ಕಟ್ಟಡ ಇರುವಷ್ಟು ಕಾಲ ಆ ಕಾಗದ ಹೇಳುತ್ತದೆ. ಹೇಳಿಸಿದವನು ತಮ್ಮ.

"ನಮ್ಮಣ್ಣ ಮಾಡಿದ ಗೋಡೆ ಕೆಟ್ಟಿರಲಿಲ್ಲ ಸ್ವಾಮಿ" ಎಂದ. "ಒಂದು ಚೂರೂ ಕೆಟ್ಟಿರಲಿಲ್ಲ."

"ಮತ್ತೆ ಹತ್ತು ಗಂಟೆ ಏನು ಮಾಡಿದ್ರಿ?"

"ನೋಡ್ತಾ ಕೂತಿದ್ದೆ."

"ಹತ್ತು ಗಂಟೆ ಗೋಡೆ ನೋಡ್ತಾ ಕೂತಿದ್ರಾ?"

"ಹೂಂ. ಅಷ್ಟು ಚೆನ್ನಾಗಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲಮ್ಮ ಎದ್ದು, "ಮೇಸ್ತ್ರೀ, ನೀವು ನನಗೆ ಹೇಳಿದ್ದು ಜ್ಞಾಪಿಸಿಕೊಳ್ಳಿ" ಎಂದರು. ಎರಡು ಸಲ ಎಂದರು. ಬೇರೆ ಏನೂ ಇಲ್ಲ ಎಂದು ಅವನು ಎರಡು ಸಲವೂ ಹೇಳಿದ. ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿ ಅರ್ಧ ಗಂಟೆಯಾಗಿರಲಿಲ್ಲ. ಗೆಲ್ಲಲಿಕ್ಕೆ ಸುಳ್ಳು ಹೇಳುವವರನ್ನು ಜಡ್ಜರು ದಿನಾ ನೋಡುತ್ತಾರೆ. ಸೋಲಲಿಕ್ಕೆ ಹೇಳುವವನನ್ನು ಅವರು ಗುರುತಿಸದೆ ಹೋದರೆ ಅವರದ್ದೇನು ತಪ್ಪು?

ಮೂರು ವಾರಕ್ಕೆ ತೀರ್ಪು ಬಂತು. ಕೊನೆಯ ಕೆಲಸದ ದಿನ, ಗೋಡೆ ಮುಗಿಸಿ ರುಜು ಹಾಕಿದ ದಿನವೇ; ನೋಟೀಸು ಹದಿನಾಲ್ಕು ದಿನ ತಡ; ಅರ್ಜಿ ವಜಾ. ವಕೀಲಮ್ಮ ಬೈಯಲಿಲ್ಲ, ಫೀಸೂ ಕೇಳಲಿಲ್ಲ. ಕಡತ ಕಟ್ಟುತ್ತಾ, "ನಿಮಗೋಸ್ಕರ ಮಾಡಿದ ಕಾನೂನಿತ್ತು ಮೇಸ್ತ್ರೀ" ಎಂದರು, ಅಷ್ಟೇ. ಎಂಟು ಜನರಲ್ಲಿ ಮೂವರು ಅವನ ಜೊತೆ ಮಾತು ಬಿಟ್ಟರು. ಉಳಿದವರು ಮಾತಾಡಿದರು, ಆದರೆ ಟಕ್‌ಟಕ್ ಎನ್ನುವುದನ್ನು ಬಿಟ್ಟರು. ಅವನು ತನ್ನ ಹೆಸರಿನಲ್ಲಿ ಕೆಲಸ ಹಿಡಿಯುವುದನ್ನು ನಿಲ್ಲಿಸಿ, ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ಸೇರಿದ. ಬಂದ ಕೂಲಿಯಲ್ಲಿ ಅರ್ಧ, ಹಳೆಯ ಆಳುಗಳಿಗೆ ಸರದಿಯ ಮೇಲೆ ಹೋಗುತ್ತಿತ್ತು. ಮನೆ ಬಾಡಿಗೆಗೆ ಅತ್ತಿಗೆಯ ಕಿವಿಯದು ಹೋಯಿತು, ಹೆಂಡತಿಯ ಕೈಯದು ಹೋಯಿತು. ಅತ್ತಿಗೆ ಮಾತ್ರ ಒಂದು ದಿನವೂ ಅವನನ್ನು ಏನೂ ಕೇಳಲಿಲ್ಲ. ಅದು ಅವನಿಗೆ ಸಮಾಧಾನವೇ ಆಗಿತ್ತು. ಅಣ್ಣನ ಮಾನವನ್ನಾದರೂ ಅವಳಿಗೆ ಉಳಿಸಿಕೊಟ್ಟೆ ಎಂದುಕೊಳ್ಳುತ್ತಿದ್ದ.

ಹೊಸ ಕೆಲಸದ ಜಾಗದಲ್ಲಿ ಒಂದು ಬೆಳಿಗ್ಗೆ ಸಾರುವೆಯ ಮೇಲೆ ನಿಂತು ಇಟ್ಟಿಗೆಗೆ ನೀರು ಹೊಡೆಯುತ್ತಿದ್ದ. ಕೆಳಗೆ ಗಾರೆ ಕಲಸುವ ಕಡೆ ಯಾರೋ ಹೆಂಗಸು ಬಗ್ಗಿ ಸಿಂಬಿ ಸುತ್ತಿಕೊಳ್ಳುತ್ತಿದ್ದಳು. ಸಿಂಬಿಯ ಬಟ್ಟೆ ಬೂದು ಗೆರೆಯದು. ಅದು ಅಣ್ಣನ ಕೆಲಸದ ಅಂಗಿ ಎಂದು ಅವನಿಗೆ ಮೊದಲು ಗೊತ್ತಾಯಿತು. ಹೆಂಗಸು ಯಾರೆಂದು ಆಮೇಲೆ.

ಏಣಿ ಇಳಿದು ಓಡಿ ಬಂದ. "ಅತ್ತಿಗೆ! ಏನಿದು? ಬಿಡಿ ಅದನ್ನ. ಅಣ್ಣನಿಗೆ ಮಾತು ಕೊಟ್ಟಿದೀನಿ ನಾನು."

"ನಿಮ್ಮಣ್ಣ ಬಾಡಿಗೆ ಕಟ್ಟೋಕೆ ಬರ್ತಾರಾ?" ಎಂದಳು ಅತ್ತಿಗೆ. ಸಿಟ್ಟಿನಿಂದ ಹೇಳಲಿಲ್ಲ. "ಬಿಡು. ನಲ್ಲಿ ಕೆಳಗಿಟ್ಟಿದ್ರೂ ಬಾಂಡ್ಲಿ ತಳ ತೂತಾಗಿಲ್ಲ, ಗಟ್ಟಿಯಾಗೇ ಇದೆ."

"ನನ್ನಿಂದಾಗಿ..." ಎಂದ.

ಅತ್ತಿಗೆ ಬಾಂಡ್ಲಿಯ ಅಂಚು ಒರೆಸುತ್ತಾ ಕೇಳಿದಳು, "ಒಂದು ಮಾತು ಕೇಳ್ತೀನಿ. ಅವತ್ತು ಕೋರ್ಟಲ್ಲಿ ಯಾಕೋ ಹಾಗಂದೆ?"

"ಹೇಗೆ?"

"ಗೋಡೆ ಕೆಟ್ಟಿರಲಿಲ್ಲ ಅಂತ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಪೊಳ್ಳಿತ್ತು ಕಣೋ" ಎಂದಳು ಅತ್ತಿಗೆ. "ನಿಮ್ಮಣ್ಣನಿಗೆ ಹೊಡೆಯುವಾಗಲೇ ಗೊತ್ತಿತ್ತು. ಕೈಯಲ್ಲಿ ಒತ್ತು ಬರಲಿಲ್ಲ ಕಣೇ, ನಾನೂ ಬಳಿದು ಬಂದೆ ಅಂತ ಅವತ್ತು ರಾತ್ರಿ ನನ್ನ ಹತ್ರ ಅತ್ರು. ನೀನು ಹೋಗಿ ತಟ್ಟಿ ಬಂದ ದಿನ, ನಿನ್ನ ಉಗುರು ನೋಡಿ, ಸರಿ ಮಾಡಿ ಬಂದಿದಾನೆ ಅಂದ್ರು. ಎಷ್ಟು ಖುಷಿ ಅವರಿಗೆ! ನನಗಿಂತ ಒಳ್ಳೇ ಮೇಸ್ತ್ರಿ ಆದ ನನ್ನ ತಮ್ಮ ಅಂದ್ರು. ನಮಗೆ ಗೊತ್ತು ಅಂತ ಅವನಿಗೆ ತೋರಿಸ್ಕೋಬೇಡ, ನೊಂದ್ಕೋತಾನೆ ಅಂದ್ರು. ಅದಕ್ಕೇ ನಾನು ಬಾಯಿ ಬಿಡಲಿಲ್ಲ."

ಅವನು ಮರಳಿನ ರಾಶಿಯ ಅಂಚಿಗೆ ಕೂತ. "ಮತ್ತೆ... ಅವತ್ತು ನೀವು ಬಂದು ಎದುರಿಗೇ ಕೂತಿರಲ್ಲ ಅತ್ತಿಗೆ? ತಲೆ ಆಡಿಸಿದಿರಲ್ಲ?"

"ನೀನು ಹೆದರ್ತೀಯ ಅಂತ ಬಂದೆ. ಹೇಳೋ, ಪರವಾಗಿಲ್ಲ ಹೇಳು ಅಂತ ತಲೆ ಆಡಿಸಿದೆ." ಬಾಂಡ್ಲಿ ಒರೆಸುತ್ತಿದ್ದ ಅವಳ ಕೈ ನಿಂತಿತು. "ಮನೇಲೇ ಕೂತಿದ್ರೆ ಹೇಳ್ತಿದ್ಯೇನೋ, ಅಲ್ವಾ?"

ಆ ಪ್ರಶ್ನೆಗೆ ಹೌದು ಎಂದರೆ ಅವಳಿಗೆ ಇನ್ನೊಂದು ಹೊರೆ. ಇಲ್ಲ ಎನ್ನೋಣವೆಂದರೆ, ಸುಳ್ಳು ಹೇಳಿ ಅವನಿಗೆ ಸಾಕಾಗಿಹೋಗಿತ್ತು. ಮುಖ ಮುಚ್ಚಿಕೊಂಡು ಕೂತ ಅವನ ಭುಜವನ್ನು ಅತ್ತಿಗೆ ಒಮ್ಮೆ ಮುಟ್ಟಿದಳು. ಆಮೇಲೆ ಅಣ್ಣನ ಅಂಗಿಯ ಸಿಂಬಿಯನ್ನು ತಲೆಗಿಟ್ಟುಕೊಂಡು, ಗಾರೆ ತುಂಬಿದ ಬಾಂಡ್ಲಿಗೆ ಕೈ ಹಾಕಿದಳು.

"ಒಂದು ಕೈ ಹಚ್ಚು" ಎಂದಳು. "ಕಲಸಿದ್ದು ಕಾಯಲ್ಲ."

ಎತ್ತುವವರೆಗೆ ಅವಳು ಬಗ್ಗಿಕೊಂಡೇ ಇರುತ್ತಿದ್ದಳು, ಮಂಡಿಗೆ ಕಷ್ಟ. ಅವನು ಎದ್ದು ಬಂದು ಇನ್ನೊಂದು ಅಂಚು ಹಿಡಿದ. ಬಾಂಡ್ಲಿಯನ್ನು ತನ್ನ ಕೈಯಾರೆ ಎತ್ತಿ ಅತ್ತಿಗೆಯ ತಲೆಯ ಮೇಲಿಟ್ಟ. ಅವಳು ಬಲಗಾಲು ಎಳೆದು ಹಾಕುತ್ತಾ ಏಣಿಯ ಕಡೆ ನಡೆದಳು. ಅವನು ಹಿಂದೆಯೇ ಹತ್ತಿ, ಗಾರೆ ಇಳಿಸಿಕೊಂಡು ಗೋಡೆಗೆ ಹೊಡೆಯತೊಡಗಿದ. ಊಟದ ಹೊತ್ತಿಗೆ ಅವಳು ಹತ್ತೊಂಬತ್ತು ಬಾಂಡ್ಲಿ ಹೊತ್ತಿದ್ದಳು. ಅವನು ಒಂದೂ ತಪ್ಪದೆ ಎಣಿಸಿದ್ದ.